ಎರಿ ಮಣ್ಣಿನ ಚಳಿಗಾಲ

ವಿಜಯಪುರದಲ್ಲಿ ಸೈಕಲ್ ರೇಸ್ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕ್ರೀಡಾ ಇಲಾಖೆಯ ವಸತಿ ನಿಲಯದ ಹುಡುಗ ಹುಡುಗಿಯರು ನಸುಕಿನಲ್ಲಿ ಸಾಲು ಹಿಡಿದು ಹೋಗುವುದನ್ನು ನಾವೆಲ್ಲ ಸ್ಕೂಲ್ ವ್ಯಾನಿನ ಕಿಟಕಿಯಿಂದ ನೋಡುತ್ತಲೇ ದೊಡ್ಡವರಾದೆವು. ಹಳ್ಳಿ ಜಾತ್ರೆಗಳಲ್ಲಿ ಗುಂಡು ಎತ್ತುವುದು, ಬಂಡಿ ಓಡಿಸುವುದು ಇದ್ದ ಹಾಗೆ ಸೈಕಲ್ ಸ್ಪರ್ಧೆಯೂ ಇರುತ್ತದೆ. ಗೆದ್ದವನ ಹೆಸರನ್ನು ಮೈಕಿನಲ್ಲಿ ಮೂರು ಸಲ ಕೂಗುತ್ತಾರೆ, ಊರ ಹಿರಿಯರು ರುಮಾಲು ಸುತ್ತುತ್ತಾರೆ. ಸೈಕಲ್ ನಮ್ಮ ಜಿಲ್ಲೆಗೆ ಹೊಸದಲ್ಲ.

ಆದರೆ ಸೈಕ್ಲೋಕ್ರಾಸ್ ಅಂದ್ರೆ ಮಂದಿ ಮುಖ ಮುಖ ನೋಡ್ತಾರೆ. ಈ ಚಳಿಗಾಲ ನಾವು ಮಾಡಿದ್ದು ಅದನ್ನೇ. ನಾವು ಅಂದರೆ ನಾಲ್ಕು ಮಂದಿ, ನಾಲ್ವರೂ ಸೆಕೆಂಡ್ ಇಯರ್, ನಾಲ್ವರೂ ಇಂಗ್ಲಿಷ್ ಮೀಡಿಯಂ. ಕ್ಯಾಂಪಸ್ಸಿನಲ್ಲಿ ನಮ್ಮ ಹೆಸರಿಗಿಂತ ಬ್ರಾಂಚ್ ಹೆಸರೇ ಜಾಸ್ತಿ ಓಡುತ್ತದೆ, ಇಲ್ಲಿಯೂ ಹಾಗೇ ಕರೆದುಕೊಳ್ಳುತ್ತೇವೆ. ಸಿವಿಲ್ ಮತ್ತು ಸಿ.ಎಸ್. ಇಬ್ಬರೂ ವಿಜಯಪುರ ಸಿಟಿಯವರು. ಮೆಕ್ಯಾನಿಕಲ್ ಬಬಲೇಶ್ವರ ಕಡೆಯ ಹಳ್ಳಿಯವನು. ಇ.ಸಿ. ಟಿಕೋಟಾದ ದ್ರಾಕ್ಷಿ ಬೆಳೆಗಾರರ ಮಗಳು. ಇದನ್ನು ಟೈಪ್ ಮಾಡಿದವರು ಯಾರು ಅನ್ನೋದು ಮುಖ್ಯ ಅಲ್ಲ. ಬಿದ್ದಿದ್ದು ನಾಲ್ವರೂ, ಎದ್ದಿದ್ದೂ ನಾಲ್ವರೂ, ಹೀಗಾಗಿ ಹೇಳೋದೂ ನಾಲ್ವರೇ.

ಮೊದಲು ನಾವು ಎಲ್ಲರಂತೆ ಡಾಂಬರು ರಸ್ತೆಯಲ್ಲೇ ಓಡಿಸುತ್ತಿದ್ದೆವು. ಇಬ್ರಾಹಿಂ ರೋಜಾ ಬಿಟ್ಟು, ತೊರವಿ ದಾಟಿ, ಅಥಣಿ ರಸ್ತೆಯಲ್ಲಿ ಟಿಕೋಟಾ ಮುಟ್ಟಿ ವಾಪಸ್ ಬಂದರೆ ಸುಮಾರು 40 ಕಿ.ಮೀ. ಬೇಸಿಗೆಯಲ್ಲಿ ಇದಕ್ಕಿಂತ ಚೆಂದದ ರಸ್ತೆ ಇಲ್ಲ. ಆದರೆ ನವೆಂಬರ್ ಬಂತೆಂದರೆ ಎರಡು ಸಂಗತಿ ಒಟ್ಟಿಗೆ ಶುರುವಾಗುತ್ತವೆ: ಒಂದು ಥಂಡಿ ಮತ್ತು ಮಂಜು, ಇನ್ನೊಂದು ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲಿ ಕಟ್ಟಿ, ಅದರ ಮೇಲೆ ಎರಡಾಳು ಎತ್ತರ ಕಬ್ಬು ಹೇರಿ ರಾತ್ರಿಯೆಲ್ಲಾ ಸಾಗಿಸುತ್ತಾರೆ. ಹಿಂದೆ ಕೆಂಪು ದೀಪ ಇದ್ದರೂ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಡ್ರೈವರ್ ಹಾಡು ಹಚ್ಚಿರುತ್ತಾನೆ, ಇಲ್ಲದಿದ್ದರೆ ನಿದ್ದೆ ಬರುತ್ತದೆ. ಅವನ ತಪ್ಪು ಅಂತಲೂ ಪೂರಾ ಹೇಳಕ್ಕಾಗಲ್ಲ. ಮಂಜಿನಲ್ಲಿ ನಾವು ಅವನಿಗೆ ಕಾಣೋದಿಲ್ಲ, ಅವನ ಟ್ರೇಲಿ ನಮಗೆ ಕಾಣೋದಿಲ್ಲ.

ನವೆಂಬರ್ ಎರಡನೇ ವಾರ ಅಂಥ ಒಂದು ಟ್ರೇಲಿಯಿಂದ ಹೊರಗೆ ಚಾಚಿದ್ದ ಕಬ್ಬಿನ ಹೊರೆ ಮೆಕ್ಯಾನಿಕಲ್‌ನ ಹೆಗಲಿಗೆ ಬಡಿಯಿತು. ಅವನು ರಸ್ತೆ ಬದಿಯ ತಗ್ಗಿಗೆ ಬಿದ್ದ. ಮೊಣಕೈ ಕಿತ್ತು ಬಂತು, ಮುಂದಿನ ಗಾಲಿ ಹಪ್ಪಳದಂಗ ಮಣಿಯಿತು. ಟ್ರ್ಯಾಕ್ಟರ್ ನಿಲ್ಲಲಿಲ್ಲ, ಅವನಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಹಿಂದಿದ್ದ ನಮಗೆ ಮೊದಲು ಕೇಳಿದ್ದು ಸೈಕಲ್ಲಿನ ಸಪ್ಪಳ, ಆಮೇಲೆ ಏನೂ ಇಲ್ಲ. ಆ ಏನೂ ಕೇಳದ ಎರಡು ಸೆಕೆಂಡು ಇವತ್ತಿಗೂ ನಮ್ಮೊಳಗೆ ಇದೆ.

ಸುದ್ದಿ ನಾಲ್ಕೂ ಮನೆಗೆ ಮುಟ್ಟಿತು. ನಾಲ್ಕೂ ಮನೆಯಲ್ಲಿ ಒಂದೇ ಮಾತು: ಹೈವೇ ಬಂದ್. ಇ.ಸಿ.ಯ ಅವ್ವ ಮಾತ್ರ ಒಂದು ಸಣ್ಣ ಸಂದಿ ಬಿಟ್ಟಿದ್ದರು. “ಸೈಕಲ್ ಬ್ಯಾಡ ಅಂತ ನಾ ಅನ್ನೂದಿಲ್ಲವಾ. ಆದ್ರ ಗಾಡಿ ಬರೂ ಹಾದ್ಯಾಗ ಬ್ಯಾಡ.”

ಗಾಡಿ ಬಾರದ ಹಾದಿ ಎಲ್ಲಿದೆ ಅಂತ ಹುಡುಕಲು ಶುರು ಮಾಡಿದಾಗ, ನಮ್ಮ ಜಿಲ್ಲೆಯಲ್ಲಿ ಅಂಥವೇ ಹೆಚ್ಚು ಅಂತ ತಿಳಿಯಿತು. ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆ ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ಈ ಕಡೆಗೆ ತಂದಿದೆ. ಕಾಲುವೆ ಹೋದಲ್ಲೆಲ್ಲ ಅದರ ದಂಡೆಯ ಮೇಲೆ ಒಂದು ಮಣ್ಣಿನ ಹಾದಿ. ಹೊಲಗಳ ನಡುವೆ ಚಕ್ಕಡಿ ಹಾದಿ. ದ್ರಾಕ್ಷಿ ಪಡಗಳ ಸುತ್ತ ಔಷಧಿ ಹೊಡೆಯುವ ಸಣ್ಣ ಟ್ರ್ಯಾಕ್ಟರ್ ತಿರುಗುವಷ್ಟು ಜಾಗ. ಹಳ್ಳ, ಒಡ್ಡು, ಮಡ್ಡಿ. ಮೊದಲನೇ ದಿನ ಟಿಕೋಟಾದ ಹತ್ತಿರ ಆರು ಕಿ.ಮೀ. ಹೋಗಲು ನಮಗೆ ಐವತ್ತು ನಿಮಿಷ ಹಿಡಿಯಿತು. ಎಂಟು ಸಲ ಇಳಿದು ಸೈಕಲ್ ಎತ್ತಿದೆವು. ಎದುರಿಗೆ ಬಂದ ಒಬ್ಬ ಕಾಕಾ ನಿಂತು ನೋಡಿ, “ಸೈಕಲ್ ಮ್ಯಾಲ ಮನಷ್ಯಾ ಕುಂಡ್ರೂದು ನೋಡೀನಿ, ಮನಷ್ಯಾನ ಮ್ಯಾಲ ಸೈಕಲ್ ಕುಂಡ್ರೂದು ಇವತ್ತ ನೋಡಿದೆ” ಅಂದರು.

ಅವತ್ತು ರಾತ್ರಿ ಸಿ.ಎಸ್. ಗ್ರೂಪಿಗೆ ಒಂದು ವಿಡಿಯೊ ಹಾಕಿದ. ಬೆಲ್ಜಿಯಂನಲ್ಲಿ, ಮಳೆಯಲ್ಲಿ, ಮೊಣಕಾಲುದ್ದ ರಾಡಿಯಲ್ಲಿ ಮಂದಿ ಸೈಕಲ್ ಹೆಗಲಿಗೆ ಹಾಕಿಕೊಂಡು ದಿಬ್ಬ ಹತ್ತುತ್ತಿದ್ದರು. ಸುತ್ತ ಸಾವಿರಾರು ಜನ ನಿಂತು ಕೂಗುತ್ತಿದ್ದರು. ನಾವು ಬೆಳಿಗ್ಗೆ ನಾಚಿಕೊಂಡು ಮಾಡಿದ್ದನ್ನೇ ಅವರು ಜಾತ್ರೆ ಮಾಡಿಬಿಟ್ಟಿದ್ದರು. ಅದಕ್ಕೊಂದು ಹೆಸರಿತ್ತು.

ಸೈಕ್ಲೋಕ್ರಾಸ್ ಹುಟ್ಟಿದ್ದು ಫ್ರಾನ್ಸಿನಲ್ಲಿ, 1900ರ ಸುಮಾರಿಗೆ. ರಸ್ತೆ ರೇಸುಗಾರರು ಚಳಿಗಾಲದಲ್ಲಿ ಮೈ ಕಾಯ್ದುಕೊಳ್ಳಲು ಹೊಲ, ಬೇಲಿ, ಹಳ್ಳಗಳ ಮೂಲಕ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಿದ್ದರಂತೆ. ಡೇನಿಯಲ್ ಗೂಸೋ ಎಂಬ ಸೈನಿಕ ಅದಕ್ಕೊಂದು ರೂಪ ಕೊಟ್ಟ ಎಂದು ಹೇಳುತ್ತಾರೆ. 1902ರಲ್ಲಿ ಅಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. 1910ರ ಟೂರ್ ಡಿ ಫ್ರಾನ್ಸ್ ಗೆದ್ದ ಒಕ್ತಾವ್ ಲಾಪೀಜ್ ತನ್ನ ಗೆಲುವಿಗೆ ಚಳಿಗಾಲದ ಈ ಆಟವೂ ಕಾರಣ ಅಂದ ಮೇಲೆ ಇದರ ಹೆಸರು ಹಬ್ಬಿತು. 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದು, ಜಾನ್ ರೋಬಿಕ್ ಗೆದ್ದ. ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಶುರುವಾಗಲು ಮಾತ್ರ 2000ದ ತನಕ ಕಾಯಬೇಕಾಯಿತು. ಇದನ್ನು ಓದಿ ಹೇಳಿದಾಗ ಇ.ಸಿ. “ಐವತ್ತು ವರ್ಷ ಏನ್ ಮಾಡಾಕತ್ತಿದ್ರಂತ?” ಅಂತ ಕೇಳಿದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ನಿಯಮಗಳು ಸರಳ. ಎರಡೂವರೆಯಿಂದ ಮೂರೂವರೆ ಕಿ.ಮೀ. ಸುತ್ತು. ಟೈರಿನ ಅಗಲ 33 ಮಿ.ಮೀ. ಮೀರಬಾರದು. ಹಾದಿಗೆ ಅಡ್ಡ ಹಲಗೆ ಇಡುತ್ತಾರೆ, ಎತ್ತರ 40 ಸೆಂ.ಮೀ. ಒಳಗೆ, ಅದನ್ನು ಇಳಿದಾದರೂ ದಾಟು, ಹಾರಿಯಾದರೂ ದಾಟು. ದೊಡ್ಡವರ ರೇಸ್ ಸುಮಾರು ಒಂದು ತಾಸು. ನಮ್ಮ ಮನಸ್ಸಿಗೆ ಹಿಡಿಸಿದ್ದು ಬೇರೆಯೇ ಒಂದು ಸಂಗತಿ. ರಸ್ತೆ ರೇಸಿನಲ್ಲಿ ಸೈಕಲ್ ಇಳಿದರೆ ಸೋತ ಹಾಗೆ. ಇಲ್ಲಿ ಇಳಿಯುವುದೂ ಆಟದ ಒಂದು ಭಾಗ. ಎಲ್ಲಿ ಇಳಿಯಬೇಕು, ಎಷ್ಟು ಬೇಗ ಇಳಿಯಬೇಕು, ಹೆಗಲಿಗೆ ಹೇಗೆ ಹಾಕಿಕೊಳ್ಳಬೇಕು, ಮತ್ತೆ ಯಾವಾಗ ಹತ್ತಬೇಕು ಎಂಬುದನ್ನು ಅಭ್ಯಾಸ ಮಾಡುತ್ತಾರೆ. ಇದು ತಿಳಿದ ಮೇಲೆ ನಮ್ಮ ನಾಚಿಕೆ ಹೋಯಿತು.

ನಾವೇ ಒಂದು ಸೀಸನ್ ಮಾಡಿಕೊಂಡೆವು. ಐದು ಸುತ್ತಿನ ಲೀಗ್, ಎಲ್ಲಾ ಭಾನುವಾರ, ಇಂಟರ್ನಲ್ಸ್ ಇದ್ದ ವಾರ ರಜೆ. ಮೊದಲು ಬಂದವರಿಗೆ 4 ಪಾಯಿಂಟು, ಕೊನೆಯವರಿಗೆ 1. ಹೊಲದವರನ್ನು ಕೇಳದೆ ಕಾಲಿಡುವಂತಿಲ್ಲ. ಬಿತ್ತಿದ ಸಾಲಿಗೆ ಗಾಲಿ ತಾಗಿದರೆ ಆ ಸುತ್ತಿಗೆ ಸೊನ್ನೆ. ಹೆಲ್ಮೆಟ್ ಇಲ್ಲದವರು ಮನೆಗೆ. ಸಿ.ಎಸ್. ಸಮಯ ಬರೆದುಕೊಳ್ಳಲು ಒಂದು ಆ್ಯಪ್ ಮಾಡಿದ. ಅದು ಎರಡನೇ ಸುತ್ತಿಗೇ ಹ್ಯಾಂಗ್ ಆಯಿತು, ಆಮೇಲೆ ನೋಟ್‌ಬುಕ್ಕೇ ಗತಿ.

ಸೈಕಲ್ಲುಗಳ ಬಗ್ಗೆಯೂ ಹೇಳಬೇಕು. ಯಾರ ಹತ್ತಿರವೂ ಸೈಕ್ಲೋಕ್ರಾಸ್ ಸೈಕಲ್ ಇರಲಿಲ್ಲ. ಸಿ.ಎಸ್. ಮತ್ತು ಇ.ಸಿ. ಹತ್ತಿರ ಸೆಕೆಂಡ್ ಹ್ಯಾಂಡ್ ಹೈಬ್ರಿಡ್, ಸಿವಿಲ್‌ದು ಹಳೆಯ ಎಂಟಿಬಿ. ಮೆಕ್ಯಾನಿಕಲ್‌ನ ಗೇರ್ ಸೈಕಲ್ ಟ್ರೇಲಿ ಕಥೆಯಲ್ಲಿ ಮುಗಿದಿತ್ತು. ಅವನು ಮನೆಯಲ್ಲಿ ಅವರಪ್ಪ ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಿಸುತ್ತಿದ್ದ ಕರಿ ಸೈಕಲ್ ತಂದ. ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್, ಚೈನ್ ಕವರ್ ಎಲ್ಲ ಬಿಚ್ಚಿದ ಮೇಲೂ ತೂಕ 17 ಕೆ.ಜಿ. ಮುಂದೆ 44 ಹಲ್ಲು, ಹಿಂದೆ 18. ಒಂದು ಪೆಡಲ್ ಸುತ್ತಿಗೆ ಸುಮಾರು ಐದೂಕಾಲು ಮೀಟರ್ ಮುಂದೆ ಹೋಗುತ್ತದೆ. ಇ.ಸಿ.ಯ ಹೈಬ್ರಿಡ್ಡಿನಲ್ಲಿ ಸಣ್ಣ ಗೇರ್ ಹಾಕಿದರೆ ಎರಡೂವರೆ ಮೀಟರ್. ದಿಬ್ಬದಲ್ಲಿ ಅವಳಿಗಿಂತ ಎರಡು ಪಟ್ಟು ಬಲ ಇವನು ಹಾಕಬೇಕು. ನಾವು ನಕ್ಕೆವು. ಮೊದಲ ಎರಡು ಸುತ್ತಿನಲ್ಲಿ ಅವನು ಕೊನೆಯೇ ಬಂದ.

ಮೊದಲ ಸುತ್ತು ಸಿಟಿಯ ಹೊರಗಿನ ಮಡ್ಡಿಯಲ್ಲಿ. ಎರಡನೆಯದು ಟಿಕೋಟಾದಲ್ಲಿ, ಇ.ಸಿ. ಮನೆಯವರ ಪಡದ ಹಿಂದಿನ ಹಾದಿಯಲ್ಲಿ. ಅಷ್ಟರಲ್ಲಿ ಥಂಡಿ ಪೂರಾ ಇಳಿದಿತ್ತು. ಬೆಂಗಳೂರಿನ ಕಸಿನ್‌ಗಳಿಗೆ ವಿಜಯಪುರ ಅಂದರೆ ಬಿಸಿಲು ಒಂದೇ ಗೊತ್ತು. ಚಳಿಗಾಲದ ಬೆಳಗಿನಲ್ಲಿ ಇಲ್ಲಿ ಪಾರಾ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಹೊಸದಲ್ಲ. 10 ಡಿಗ್ರಿಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ಮೈಗೆ 7 ಡಿಗ್ರಿ ಇದ್ದಂತೆ ಅನಿಸುತ್ತದೆ ಅಂತ ಸಿ.ಎಸ್. ಲೆಕ್ಕ ಹಾಕಿ ತೋರಿಸಿದ. ಲೆಕ್ಕ ಬೇಕಾಗಿರಲಿಲ್ಲ, ಬೆರಳಿಗೇ ಗೊತ್ತಾಗುತ್ತಿತ್ತು. ಬ್ರೇಕ್ ಹಿಡಿದ ಬೆರಳು ಬಿಡಲು ಬರುತ್ತಿರಲಿಲ್ಲ. ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು, ಎದೆಯೊಳಗೆ ಯಾರೋ ಬರ್ಫ್ ಉಜ್ಜಿದಂಗ. ಹನ್ನೊಂದು ಗಂಟೆಗೆ ಅದೇ ಜಾಗದಲ್ಲಿ ಬಿಸಿಲು ಚುರ್ ಅಂತಿತ್ತು. ಬೆಲ್ಜಿಯಂನವರಿಗೆ ಈ ಕಷ್ಟ ಇಲ್ಲ, ಅವರದು ಬೆಳಿಗ್ಗೆಯೂ ಥಂಡಿ, ಸಂಜೆಯೂ ಥಂಡಿ. ನಮ್ಮಲ್ಲಿ ಕುಲಾಯಿ ಹಾಕಿಕೊಂಡು ಹೊರಟವನು ಟೀ ಶರ್ಟಿನಲ್ಲಿ ಮನೆ ಮುಟ್ಟಬೇಕು. ಜೇಬಿನಲ್ಲಿ ಎನರ್ಜಿ ಬಾರ್ ಬದಲು ಶೇಂಗಾ ಹೋಳಿಗೆ. ಮಡಚಿದರೆ ಮುರಿಯುತ್ತದೆ, ಆದರೂ ಹೊಟ್ಟೆ ಹಿಡಿಯುತ್ತದೆ.

ಈ ಎರಡು ಸುತ್ತಿನಲ್ಲಿ ನಾವು ಕಲಿತ ದೊಡ್ಡ ಪಾಠ ಅಂದರೆ ನೆಲದ್ದು. ಸೈಕ್ಲೋಕ್ರಾಸಿನಲ್ಲಿ ಅರ್ಧ ವಿದ್ಯೆ ಟೈರಿನ ಗಾಳಿ. ಗಟ್ಟಿ ನೆಲಕ್ಕೆ ಹೆಚ್ಚು, ಮೆತ್ತನೆಯದಕ್ಕೆ ಕಡಿಮೆ. ಕಡಿಮೆ ಮಾಡಿದರೆ ಟೈರು ಅಗಲವಾಗಿ ಕೂತು ನೆಲ ಹಿಡಿಯುತ್ತದೆ, ತೀರಾ ಕಡಿಮೆಯಾದರೆ ಕಲ್ಲಿಗೆ ರಿಮ್ ಬಡಿದು ಟ್ಯೂಬ್ ಒಡೆಯುತ್ತದೆ. ಹಾಗಾದರೆ ಎಷ್ಟು ಹಾಕಬೇಕು? ಅದು ನೆಲದ ಮೇಲೆ ಅವಲಂಬಿಸಿದೆ. ನೆಲ ಯಾವುದು? ಇಲ್ಲಿ ನಮ್ಮ ಇಂಗ್ಲಿಷ್ ಮೀಡಿಯಂ ನಿಂತುಹೋಯಿತು.

ಸಿವಿಲ್‌ಗೆ ಬ್ಲ್ಯಾಕ್ ಕಾಟನ್ ಸಾಯಿಲ್ ಗೊತ್ತು. ಅದರಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ, ಅದರ ಪದರುಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ, ಅದರ ಮೇಲೆ ಮನೆ ಕಟ್ಟಿದರೆ ಗೋಡೆ ಸೀಳುತ್ತದೆ. ಇದೆಲ್ಲ ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡಿದ್ದ. ಆದರೆ ಹೊಲದಲ್ಲಿ ನಿಂತಾಗ ಅವನಿಗೆ ಕಂಡದ್ದು ಬರೀ ಕಪ್ಪು ನೆಲ. ಇ.ಸಿ.ಯ ಅಪ್ಪ ಅದೇ ಹಾದಿಯಲ್ಲಿ ನಾಲ್ಕು ನೆಲ ತೋರಿಸಿದರು. “ಇದು ಎರಿ. ಇಲ್ಲಿ ಹಸಿ ಇದ್ರ ಕಾಲ ಹಿಡೀತೈತಿ. ಅಲ್ಲಿ ಬಣ್ಣ ಬ್ಯಾರೆ ಐತಲ್ಲ, ಅದು ಮಸಾರಿ, ನೀರ ಜಗ್ಗಿ ಲಗೂ ಒಣಗತೈತಿ. ಆ ಏರಿಗಿ ಹೋದ್ರ ಗರಸು, ಜಾರತೈತಿ, ತಿರುವಿನ್ಯಾಗ ನೋಡ್ಕೊರಿ. ಅದರಾಚಿ ಬರೇ ಮಡ್ಡಿ, ಕಲ್ಲು.” ಎರಿ, ಮಸಾರಿ, ಗರಸು, ಮಡ್ಡಿ. ನಾಲ್ಕು ಶಬ್ದಕ್ಕೆ ನಾಲ್ಕು ಗಾಳಿ ಲೆಕ್ಕ. ಅವತ್ತಿನಿಂದ ನಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ಸುತ್ತಿನ ನಕ್ಷೆಯ ಮೇಲೆ ಈ ನಾಲ್ಕೇ ಶಬ್ದ ಇವೆ. ಇವಕ್ಕೆ ನಾವು ಇಂಗ್ಲಿಷ್ ಹುಡುಕಿಲ್ಲ, ಬೇಕಾಗಿಲ್ಲ.

ಇನ್ನೊಂದು ಮಾತು ಅವರು ಹೇಳಿದ್ದು ಆಗ ಸಣ್ಣದೆನಿಸಿತ್ತು. ಎರಿ ಭೂಮಿ ನೀರು ಹಿಡಿದಿಟ್ಟುಕೊಳ್ಳುತ್ತದೆ ಅಂತಲೇ ಹಿಂಗಾರಿಯಲ್ಲಿ ಮಳೆ ಇಲ್ಲದೆಯೂ ಬಿಳಿಜೋಳ ಬೆಳೆಯುತ್ತದೆ. ನಮ್ಮ ಗಾಲಿ ಹಿಡಿದು ನಿಲ್ಲಿಸುವ ಗುಣವೂ ಅದೇ, ನಮ್ಮ ರೊಟ್ಟಿ ಬೆಳೆಯುವ ಗುಣವೂ ಅದೇ.

ಎರಡು ಸುತ್ತು ಒಣ ನೆಲದಲ್ಲಿ ಮುಗಿದಿದ್ದವು. ಧೂಳು ಬಹಳ ಇತ್ತು, ರಾಡಿ ಇರಲಿಲ್ಲ. ರಾಡಿ ಇಲ್ಲದ ಸೈಕ್ಲೋಕ್ರಾಸ್ ಉಪ್ಪಿಲ್ಲದ ಪಲ್ಯ ಅಂತ ಗ್ರೂಪಿನಲ್ಲಿ ದಿನಾ ಮೆಸೇಜ್ ಓಡುತ್ತಿದ್ದವು. ಕಾಲುವೆ ನೀರು ಸೋರಿ ಹಸಿಯಾದ ಜಾಗ ಹುಡುಕುತ್ತಿದ್ದೆವು. ಡಿಸೆಂಬರ್ ಮೊದಲ ವಾರ ಮೋಡ ಬಂತು. ಗುರುವಾರ ಜಿಟಿಜಿಟಿ, ಶುಕ್ರವಾರ ರಾತ್ರಿ ಗಟ್ಟಿ ಮಳೆ. ಶನಿವಾರ ಮುಂಜಾನೆ ನಮ್ಮಲ್ಲಿ ಮೂರು ಮಂದಿ ಗ್ರೂಪಿನಲ್ಲಿ ಕುಣಿಯುತ್ತಿದ್ದರು. ಇ.ಸಿ.ಯಿಂದ ಏನೂ ಉತ್ತರ ಇರಲಿಲ್ಲ. ಒಂಬತ್ತು ಗಂಟೆಗೆ ಅವಳದೊಂದು ಫೋಟೊ ಬಂತು. ಅದರಲ್ಲಿ ದ್ರಾಕ್ಷಿಯ ಎಳೆ ಗೊಂಚಲು, ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಬರೆದಿರಲಿಲ್ಲ ಏನೂ.

ದ್ರಾಕ್ಷಿಯ ಲೆಕ್ಕ ನಮಗೆ ಆಗ ತಿಳಿದದ್ದು. ಅಕ್ಟೋಬರಿನಲ್ಲಿ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿ ಕತ್ತರಿಸುತ್ತಾರೆ. ಅಲ್ಲಿಂದ ಸುಮಾರು ನಲವತ್ತು ದಿನಕ್ಕೆ ಹೂವು. ಫೆಬ್ರವರಿ, ಮಾರ್ಚಿಗೆ ಹಣ್ಣು, ಆಮೇಲೆ ಒಣದ್ರಾಕ್ಷಿಯ ಶೆಡ್. ತಡವಾಗಿ ಚಾಟ್ನಿ ಮಾಡಿದ ಪಡ ಡಿಸೆಂಬರ್ ಮೊದಲ ವಾರ ಹೂವಿನಲ್ಲಿ ಇರುತ್ತದೆ. ಆಗ ಮಳೆ ಬಂದು ಗೊಂಚಲಿನಲ್ಲಿ ನೀರು ನಿಂತರೆ ಹೂವು ಉದುರುತ್ತದೆ, ಗೊಂಚಲು ಕೊಳೆಯುತ್ತದೆ, ಎಲೆಗೆ ಡೌನಿ ರೋಗ ಬರುತ್ತದೆ. ಅವರ ನಾಲ್ಕು ಎಕರೆಯಲ್ಲಿ ಎರಡು ಎಕರೆ ಅವತ್ತು ಹೂವಿನಲ್ಲಿತ್ತು. ಆ ನಾಲ್ಕು ಎಕರೆಯಿಂದಲೇ ಮನೆ ನಡೆಯಬೇಕು, ಬ್ಯಾಂಕಿನ ಕಂತು ಹೋಗಬೇಕು, ಅವಳ ಫೀ ಬರಬೇಕು.

ಶನಿವಾರ ಮಧ್ಯಾಹ್ನ ನಾವು ಮೂವರೂ ಟಿಕೋಟಾ ಬಸ್ಸು ಹಿಡಿದೆವು. ಮಳೆ ಸಣ್ಣಗೆ ನಡೆದೇ ಇತ್ತು. ಕೆಲಸ ಏನು ಅಂದರೆ, ಬಳ್ಳಿ ಹಬ್ಬಿಸಿದ ತಂತಿಯನ್ನು ಕೈಯಿಂದ ಹಿಡಿದು ಅಲುಗಿಸುವುದು, ಗೊಂಚಲಿನ ನೀರು ಕೆಳಗೆ ಉದುರುವ ಹಾಗೆ. ಜೋರಾಗಿ ಅಲುಗಿಸಿದರೆ ಹೂವೇ ಉದುರುತ್ತದೆ, ಮೆಲ್ಲಗೆ ಅಲುಗಿಸಿದರೆ ನೀರು ಬೀಳುವುದಿಲ್ಲ. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಮತ್ತೆ ತೊಯ್ದಿರುತ್ತದೆ. ನೀರೆಲ್ಲ ನಮ್ಮ ಕುತ್ತಿಗೆಯೊಳಗೇ ಇಳಿಯುತ್ತಿತ್ತು. ಹಿಂದಿನಿಂದ ಇ.ಸಿ. ಸಣ್ಣ ಟ್ರ್ಯಾಕ್ಟರ್ ನಡೆಸಿಕೊಂಡು ಬ್ಲೋವರಿನಿಂದ ಔಷಧಿ ಹೊಡೆಯುತ್ತಾ ಬರುತ್ತಿದ್ದಳು. ಅವಳು ಟ್ರ್ಯಾಕ್ಟರ್ ನಡೆಸುತ್ತಾಳೆ ಎಂಬುದೇ ನಮಗೆ ಅವತ್ತು ಗೊತ್ತಾದದ್ದು. ಕತ್ತಲಾಗುವ ತನಕ ಅಲುಗಿಸಿದೆವು. ನಮ್ಮ ಗ್ರೂಪಿನ ಮೆಸೇಜುಗಳನ್ನು ಯಾರೂ ನೆನಪಿಸಲಿಲ್ಲ. ಮೂರು ದಿನದಿಂದ ಮಳೆ ಬೇಕು ಅಂದವರು ನಾವು, ಅದೇ ಮಳೆಯನ್ನು ಗೊಂಚಲಿನಿಂದ ಕೆಳಗೆ ಕೆಡವುವವರೂ ನಾವೇ.

ರಾತ್ರಿ ಅಲ್ಲೇ ಉಳಿದೆವು. ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ. ನಾಳಿನ ರೇಸ್ ಕ್ಯಾನ್ಸಲ್ ಅಂತ ನಾವು ಅಂದೆವು. ಅವರಪ್ಪ ತಟ್ಟೆಯಿಂದ ತಲೆ ಎತ್ತಿದರು. “ಯಾಕ? ನೀವು ನಿಂತ್ರ ಮಳಿ ನಿಲ್ಲತೈತೇನು? ಓಡಸ್ರಿ. ನನಗೂ ನಾಳೆ ಸ್ವಲ್ಪ ಬ್ಯಾರೇದು ನೋಡೂದು ಬೇಕಾಗೈತಿ.”

ಹಾಗಾಗಿ ಮೂರನೇ ಸುತ್ತು ನಡೆಯಿತು. ಸೈಕಲ್ಲುಗಳು ಎರಡನೇ ಸುತ್ತಿನಿಂದ ಅವರ ಶೆಡ್ಡಿನಲ್ಲೇ ಇದ್ದವು. ಮಳೆ ನಿಂತಿತ್ತು, ಮಂಜು ಇತ್ತು, ನೆಲ ಬೆಣ್ಣೆ ಆಗಿತ್ತು. ಮಸಾರಿಯಲ್ಲಿ ಗಾಲಿ ಓಡಿತು. ಎರಿ ಶುರುವಾದ ಇಪ್ಪತ್ತು ಮೀಟರಿಗೆ ನಾಲ್ವರೂ ನಿಂತೆವು. ಬೆಲ್ಜಿಯಂನ ರಾಡಿ ನೀರಿನಂಥದ್ದು, ಹರಿದು ಹೋಗುತ್ತದೆ. ನಮ್ಮ ಎರಿ ರಾಡಿ ಹಿಟ್ಟಿನ ಕಣಕದ ಹಾಗೆ. ಟೈರಿಗೆ ಒಂದು ಪದರು, ಅದರ ಮೇಲೆ ಇನ್ನೊಂದು, ಮೂರು ಸುತ್ತಿಗೆ ಗಾಲಿ ಫ್ರೇಮಿನಲ್ಲಿ ಸಿಕ್ಕಿ ತಿರುಗುವುದೇ ಇಲ್ಲ. ಸಿ.ಎಸ್.ನ ಹಿಂದಿನ ಡಿರೇಲರ್ ರಾಡಿ ಉಂಡೆಯಾಗಿ ಚೈನ್ ಕಳಚಿತು. ಇ.ಸಿ. ಬೆರಳಿನಿಂದ ಬಳಿದು ಬಳಿದು ಮುಂದೆ ಹೋದಳು. ಎಲ್ಲರ ಚಪ್ಪಲಿ, ಶೂ ಎರಡೆರಡು ಕೆ.ಜಿ. ಆಗಿದ್ದವು.

ಮೆಕ್ಯಾನಿಕಲ್‌ನ ಕರಿ ಸೈಕಲ್ಲಿಗೆ ಡಿರೇಲರ್ ಇಲ್ಲ. ಮಡ್‌ಗಾರ್ಡ್ ಬಿಚ್ಚಿದ್ದರಿಂದ ಗಾಲಿಗೂ ಫ್ರೇಮಿಗೂ ನಡುವೆ ಮೂರು ಬೆರಳು ಜಾಗ. ರಾಡಿ ಹತ್ತಿಕೊಂಡರೂ ಉದುರಿ ಹೋಗುತ್ತಿತ್ತು. ಗೇರ್ ದೊಡ್ಡದು, ತುಳಿಯಲು ಆಗದಲ್ಲಿ ಅವನು ಮುಂಚೆಯೇ ಇಳಿದು ಓಡುತ್ತಿದ್ದ. ಮೊದಲ ಎರಡು ಸುತ್ತು ಸೋತು ಸೋತು ಅವನು ಅದೊಂದನ್ನೇ ಚೆನ್ನಾಗಿ ಕಲಿತಿದ್ದ. ನಾವು ಹತ್ತಬೇಕೋ ಇಳಿಯಬೇಕೋ ಅಂತ ವಿಚಾರ ಮಾಡುವಷ್ಟರಲ್ಲಿ ಅವನು ಹೆಗಲಿಗೆ ಹಾಕಿಕೊಂಡು ಹೋಗಿಬಿಡುತ್ತಿದ್ದ. ಅವನೇ ಗೆದ್ದ, ಇ.ಸಿ. ಎರಡನೆಯವಳು. ಮುಗಿದ ಮೇಲೆ ಒಣದ್ರಾಕ್ಷಿ ತೂಗುವ ಕಾಟಾದ ಮೇಲೆ ಸಿವಿಲ್‌ನ ಎಂಟಿಬಿ ಇಟ್ಟು ನೋಡಿದೆವು: ಹೋಗುವಾಗ 15 ಕೆ.ಜಿ. ಇದ್ದದ್ದು 21 ಆಗಿತ್ತು. ಇ.ಸಿ.ಯ ಅಪ್ಪ ಒಡ್ಡಿನ ಮೇಲೆ ಕೂತು ನಾಲ್ಕು ಸುತ್ತೂ ನೋಡಿದರು. ಸಿವಿಲ್ ಮುಖ ಅಡಿಯಾಗಿ ರಾಡಿಗೆ ಬಿದ್ದಾಗ ಅವರು ನಕ್ಕದ್ದು ನಮಗೆ ದೂರದಿಂದ ಕೇಳಿಸಿತು.

ಹಾನಿಯ ಲೆಕ್ಕ ಹತ್ತು ದಿನದ ಮೇಲೆ ತಿಳಿಯಿತು. ಹೂವಿನಲ್ಲಿದ್ದ ಎರಡು ಎಕರೆಯಲ್ಲಿ ಸುಮಾರು ಮೂರನೇ ಒಂದು ಭಾಗ ಗೊಂಚಲು ಉದುರಿತ್ತು. ನಾವು ಅಲುಗಿಸಿದ ಸಾಲುಗಳು ಉಳಿದವೋ ಇಲ್ಲವೋ ಅಂತ ಕೇಳಲು ನಮಗೆ ಬಾಯಿ ಬರಲಿಲ್ಲ. ಇ.ಸಿ. ತಾನೇ ಹೇಳಿದಳು: “ಕೆಲವು ಉಳಿದಾವ, ಕೆಲವು ಇಲ್ಲ.” ಅಷ್ಟೇ.

ನಾಲ್ಕನೇ ಸುತ್ತು ಬಬಲೇಶ್ವರ ಕಡೆ, ಎಳ್ಳ ಅಮವಾಸಿಯ ವಾರ. ಆ ಹಬ್ಬದಂದು ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಭೂಮಿತಾಯಿಗೆ ಎಡೆ ಕೊಟ್ಟು ಜೋಳದ ನಡುವೆ ಕೂತು ಊಟ ಮಾಡುತ್ತಾರೆ. ಸಿಟಿಯ ಇಬ್ಬರು ಅದನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಎರಿ ಅಷ್ಟರಲ್ಲಿ ಒಣಗಿ ಎತ್ತಿನ ಗೊರಸಿನ ಗುರುತು ಕಲ್ಲಾಗಿದ್ದವು. ಅದರ ಮೇಲೆ ಓಡಿಸಿದರೆ ಹಲ್ಲು ಹಲ್ಲಿಗೆ ಬಡಿಯುತ್ತದೆ. ಒಂದು ಹಳ್ಳ, ಎರಡು ಒಡ್ಡು, ನೆಗ್ಗಿಲ ಮುಳ್ಳಿನ ಒಂದು ಪಟ್ಟಿ. ಸಿವಿಲ್‌ಗೆ ಮೂರು ಪಂಚರ್. ಮೆಕ್ಯಾನಿಕಲ್ ತನ್ನ ಊರವರ ಮುಂದೆ, ತನ್ನಪ್ಪನ ಹಾಲಿನ ಸೈಕಲ್ಲಿನ ಮೇಲೆ ಮತ್ತೆ ಗೆದ್ದ. ಅವರಪ್ಪ ಏನೂ ಹೇಳಲಿಲ್ಲ, ಸೈಕಲ್ ಹತ್ತಿರ ಬಂದು ಬೆಲ್ ಒಂದು ಸಲ ಬಾರಿಸಿ ನೋಡಿದರು.

ನಾಲ್ಕು ಸುತ್ತಿನ ಮೇಲೆ ಇ.ಸಿ. 13, ಮೆಕ್ಯಾನಿಕಲ್ 10, ಸಿ.ಎಸ್. 10, ಸಿವಿಲ್ 7. ಕೊನೆಯದು ಸಂಕ್ರಮಣದ ಮುಂದಿನ ಭಾನುವಾರ. ಹಬ್ಬಕ್ಕೆ ಆಳುಗಳು ಊರಿಗೆ ಹೋಗಿದ್ದರು, ಪಡದ ಕೆಲಸ ಮನೆಯವರ ಮೇಲೆಯೇ ಬಿದ್ದಿತ್ತು, ಇಬ್ಬನಿ ಹೆಚ್ಚಾದ್ದರಿಂದ ಔಷಧಿ ನಿಲ್ಲಿಸುವಂತಿರಲಿಲ್ಲ. ಸಿಟಿ ಹತ್ತಿರ ಇಟ್ಟುಕೊಂಡಿದ್ದ ಸುತ್ತನ್ನು ಟಿಕೋಟಾಕ್ಕೇ ಒಯ್ದೆವು, ಅವಳು ಬರಲಿ ಅಂತ. ಏಳಕ್ಕೆ ಶುರು ಅಂತ ಮೊದಲೇ ನಿಶ್ಚಯ. ಕಾಯಬೇಡಿ ಅಂತ ಅವಳದೇ ಹಠ. ಏಳಾಯಿತು, ನಾವು ಮೂವರು ಹೊರಟೆವು. ಪಡದೊಳಗೆ ಬ್ಲೋವರಿನ ಸಪ್ಪಳ ಇನ್ನೂ ಕೇಳುತ್ತಿತ್ತು. ಎರಡು ನಿಮಿಷಕ್ಕೆ ಅದು ನಿಂತಿತು.

ಅವಳು ಔಷಧಿ ವಾಸನೆಯ ಜಾಕೆಟ್ ಬಿಸಾಕಿ, ಗಮ್ ಬೂಟಿನಲ್ಲೇ ಸೈಕಲ್ ಹತ್ತಿ ಬಂದಳು. ಮೊದಲ ಎರಡು ಸುತ್ತು ಅವಳು ನಮಗೆ ಕಾಣಲೇ ಇಲ್ಲ. ಮೂರನೇ ಸುತ್ತಿನಲ್ಲಿ ಗರಸಿನ ಏರಿನ ಕೆಳಗೆ ಕಂಡಳು. ಆ ಹಾದಿ ಅವಳು ಸಣ್ಣವಳಿದ್ದಾಗಿನಿಂದ ನಡೆದದ್ದು. ಎಲ್ಲಿ ಎರಿ ಮುಗಿದು ಮಸಾರಿ ಬರುತ್ತದೆ ಎಂಬುದು ಅವಳ ಕಾಲಿಗೇ ಗೊತ್ತು, ನೋಟ್‌ಬುಕ್ ಬೇಕಾಗಿಲ್ಲ. ಕೊನೆಯ ಒಡ್ಡಿನಲ್ಲಿ ಸಿವಿಲ್ ಇಳಿದು ಎತ್ತಿಕೊಳ್ಳುವಾಗ ಅವಳು ಪಕ್ಕದಿಂದ ಓಡಿ ದಾಟಿದಳು. ಮೂರನೇ ಸ್ಥಾನ, 2 ಪಾಯಿಂಟು, ಒಟ್ಟು 15. ಮೆಕ್ಯಾನಿಕಲ್ ಗೆದ್ದು 14ಕ್ಕೆ ಬಂದಿದ್ದ. ಆ ಒಡ್ಡಿನಲ್ಲಿ ಅವಳು ಸಿವಿಲ್‌ನನ್ನು ದಾಟದೆ ಇದ್ದಿದ್ದರೆ ಇಬ್ಬರೂ ಸಮ. ಬಹುಮಾನ ಅಂತ ನಾವು ಇಟ್ಟಿದ್ದು ಒಂದು ಹೊಸ ಟೈರು. ಅವಳು ಅದನ್ನು ತಗೊಂಡು, ಔಷಧಿಯ ಟ್ಯಾಂಕ್ ತೊಳೆಯಬೇಕು ಅಂತ ಒಳಗೆ ಹೋದಳು.

ಕ್ಲಾಸ್‌ಮೇಟ್‌ಗಳು ಕೇಳುತ್ತಾರೆ, ಸರ್ಟಿಫಿಕೇಟ್ ಇದೆಯಾ, ಪ್ಲೇಸ್‌ಮೆಂಟಿಗೆ ಉಪಯೋಗ ಇದೆಯಾ ಅಂತ. ಇಲ್ಲ. ಥರ್ಡ್ ಇಯರ್ ಬಂದ ಮೇಲೆ ನಾಲ್ವರೂ ಇದೇ ಹುರುಪಿನಲ್ಲಿ ಇರುತ್ತೇವಾ ಎಂದರೆ ಅದಕ್ಕೂ ಗ್ಯಾರಂಟಿ ಕೊಡಲು ಆಗುವುದಿಲ್ಲ. ಇ.ಸಿ. ಬರುವುದು ಬಿಡುವುದು ಮಾರ್ಚಿನ ದರದ ಮೇಲೆ ಇದೆ, ಅವಳೇ ಹಾಗೆ ಹೇಳಿದ್ದಾಳೆ. ಆದರೆ ಒಂದು ಮಾತು ನಾಲ್ವರಿಗೂ ಖಾತ್ರಿ. ಡಾಂಬರಿನ ಮೇಲೆ ಸಾವಿರ ಕಿ.ಮೀ. ಓಡಿಸಿದರೂ ನಮ್ಮ ಜಿಲ್ಲೆ ನಮಗೆ ಕಿಟಕಿಯಾಚೆಯ ಚಿತ್ರವೇ ಆಗಿತ್ತು. ಇಳಿದು, ಸೈಕಲ್ ಹೊತ್ತು, ಯಾರದೋ ಒಡ್ಡು ಹತ್ತಿದ ಮೇಲೆ ಅದು ಯಾರ ಒಡ್ಡು, ಅವರ ಹೊಲದಲ್ಲಿ ಏನಿದೆ, ಈ ಮೋಡ ಅವರಿಗೆ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಬೇಕೆನಿಸುತ್ತದೆ.

ಮುಂದಿನ ಸೀಸನ್ ನವೆಂಬರಿನಲ್ಲಿ. ಯಾರು ಬೇಕಾದರೂ ಬರಬಹುದು, ಯಾವ ಬ್ರಾಂಚ್ ಆದರೂ ಸರಿ, ಯಾವ ಸೈಕಲ್ ಆದರೂ ಸರಿ. ಮನೆಯಲ್ಲಿ ಮೂಲೆಗೆ ಬಿದ್ದ ಕರಿ ಸೈಕಲ್ ಇದ್ದರೆ ಇನ್ನೂ ಚಲೋ. ಹೆಲ್ಮೆಟ್ ಕಡ್ಡಾಯ. ಎರಡು ಟ್ಯೂಬ್, ಒಂದು ಪಂಪ್, ಕುಲಾಯಿ ತರ್ರಿ. ಹೊಲದವರನ್ನು ಕೇಳುವುದು, ಸಾಲು ತುಳಿಯದೆ ಇರುವುದು ಮೊದಲಿನ ಹಾಗೇ. ಹೊಸದಾಗಿ ಒಂದೇ ಒಂದು ನಿಯಮ ಸೇರಿಸಿದ್ದೇವೆ, ಅದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇ.ಸಿ.ಯ ಅಕ್ಷರದಲ್ಲಿ ಇದೆ: ಮಳಿ ಬಂದ್ರ ಮೊದಲು ಪಡ, ಆಮ್ಯಾಲ ರೇಸ್.